ಹದಿಮೂರು ಕುರ್ಚಿ, ಮೂರು ಬಾಯಿ

ಪ್ರಶ್ನೆ: ಸರ್, ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಗೆ ಹೋದ ತಿಂಗಳು ಅಧ್ಯಕ್ಷನಾಗಿದ್ದೇನೆ. ವಯಸ್ಸು 38. ಕೆಲವು ವರ್ಷ ಫ್ಯಾಕ್ಟರಿಯಲ್ಲಿ ದುಡಿದು, ಈಗ ಊರಲ್ಲೇ ಆರು ಹಸು ಕಟ್ಟಿಕೊಂಡಿದ್ದೇನೆ. ನಮ್ಮ ಮಂಡಳಿಯಲ್ಲಿ 13 ನಿರ್ದೇಶಕರು. ಸಭೆಯಲ್ಲಿ ಮಾತಾಡುವವರು ಮೂರೇ ಜನ: ಹಿಂದೆ ಎರಡು ಅವಧಿ ಅಧ್ಯಕ್ಷರಾಗಿದ್ದ ನಮ್ಮ ದೊಡ್ಡಪ್ಪ, ಅವರ ಜೊತೆಯ ಇನ್ನೊಬ್ಬ ಹಿರಿಯರು, ಮತ್ತೆ ಸೆಕ್ರೆಟರಿ. ಇಬ್ಬರು ಮಹಿಳಾ ನಿರ್ದೇಶಕರಲ್ಲಿ ಒಬ್ಬರು ಬರುವುದೇ ಇಲ್ಲ, ಅವರ ಯಜಮಾನರು ಬಂದು ಕೂರುತ್ತಾರೆ. ಇನ್ನೊಬ್ಬರು ಬಂದು ಸಹಿ ಹಾಕಿ ಹೋಗುತ್ತಾರೆ. ಎಸ್‌ಸಿ ಸ್ಥಾನದಿಂದ ಆಯ್ಕೆಯಾದವರು ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಬಾಗಿಲ ಹತ್ತಿರ ಫೀಡ್ ಮೂಟೆ ಮೇಲೆ ಕೂರುತ್ತಾರೆ. ಕುರ್ಚಿಗೆ ಬನ್ನಿ ಅಂದರೆ "ಇರಲಿ ಬಿಡಪ್ಪ" ಅನ್ನುತ್ತಾರೆ. ಕಳೆದ ಸಭೆಯಲ್ಲಿ "ಎಲ್ಲರೂ ನಿಮ್ಮ ನಿಮ್ಮ ಅಭಿಪ್ರಾಯ ಹೇಳಿ" ಎಂದು ಕೇಳಿಕೊಂಡೆ. ಯಾರೂ ಬಾಯಿ ಬಿಡಲಿಲ್ಲ. ದೊಡ್ಡಪ್ಪ ನಕ್ಕು, "ಅವರಿಗೇನ್ ಗೊತ್ತಾಗ್ತದೆ, ಮುಂದಕ್ಕೆ ನಡೆಸಪ್ಪ" ಅಂದರು. ಚುನಾವಣೆ ಹೊತ್ತಿನಲ್ಲಿ ಆದ ಮಾತಿನ ಪ್ರಕಾರ ನನಗಿರುವುದು 15 ತಿಂಗಳು. ಅಷ್ಟರೊಳಗೆ ಇದನ್ನು ಎಲ್ಲರ ಮಂಡಳಿ ಮಾಡೋಕಾಗುತ್ತಾ? ಅದೂ ದೊಡ್ಡಪ್ಪನ ಮನಸ್ಸು ನೋಯಿಸದೆ?
— ಹೆಸರು ಬೇಡ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಅಧ್ಯಕ್ಷರೇ, ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆ ಸಭೆಯಲ್ಲಿ ತೀರ್ಮಾನ ಆಗಬೇಕಿದ್ದದ್ದು ಏನು? ನೀವು ಬರೆದಿಲ್ಲ. ನನ್ನ ಊಹೆ ಸರಿಯಿದ್ದರೆ, ತೀರ್ಮಾನ ಆಗಬೇಕಾದದ್ದೆಲ್ಲ ಹಿಂದಿನ ದಿನ ಸಂಜೆಯೇ ದೊಡ್ಡಪ್ಪನವರ ಜಗಲಿಯಲ್ಲೋ, ಬಸ್‌ಸ್ಟಾಪಿನ ಟೀ ಅಂಗಡಿಯಲ್ಲೋ ಆಗಿಹೋಗಿತ್ತು. ಮಾರನೆಯ ದಿನ ಡೇರಿಯಲ್ಲಿ ನಡೆದದ್ದು ಅದನ್ನು ಪುಸ್ತಕಕ್ಕೆ ಏರಿಸುವ ಕೆಲಸ. ಅಂಥ ಕಡೆ ಕೂತು "ಅಭಿಪ್ರಾಯ ಹೇಳಿ" ಎಂದರೆ ಯಾರು ಹೇಳುತ್ತಾರೆ? ಹೇಳಿದರೂ ಬಿಟ್ಟರೂ ಆಗುವುದು ಒಂದೇ ಅನ್ನುವುದು ಅವರಿಗೆ ವರ್ಷಗಳಿಂದ ಗೊತ್ತು. ಅವರು ಸುಮ್ಮನಿರುವುದು ತಿಳಿವಳಿಕೆ ಇಲ್ಲದ್ದಕ್ಕಲ್ಲ. ಚೆನ್ನಾಗಿ ತಿಳಿದಿರುವುದಕ್ಕೇ.

ಹಾಗಾಗಿ ಅವರನ್ನು ಮಾತಾಡಿಸುವುದು ಹೇಗೆ ಎಂಬ ಚಿಂತೆಯನ್ನು ಸದ್ಯ ಪಕ್ಕಕ್ಕಿಡಿ. ತೀರ್ಮಾನಗಳನ್ನು ಸಭೆಯೊಳಕ್ಕೆ ತರುವುದು ಹೇಗೆ ಎಂದು ಯೋಚಿಸಿ. ಅದು ನಿಮ್ಮೊಬ್ಬರ ಕೈಯಲ್ಲೇ ಇದೆ. ಮಂಡಳಿಯಲ್ಲಿ ಅಧ್ಯಕ್ಷರಿಗೂ ಸಾಮಾನ್ಯವಾಗಿ ಉಳಿದವರಂತೆ ಒಂದೇ ಓಟು. ಆದರೆ ಸಭೆ ಯಾವಾಗ, ಅಲ್ಲಿ ಯಾವ ವಿಷಯ ಬರಬೇಕು, ಯಾರ ಮಾತು ಮೊದಲು, ಯಾರದು ಕೊನೆಗೆ, ಪುಸ್ತಕಕ್ಕೆ ಏನು ಬರೆಯಬೇಕು ಎಂಬುದನ್ನೆಲ್ಲ ನಡೆಸುವವರು ನೀವು. ಅಧಿಕಾರ ಇರುವುದು ಇಲ್ಲಿ. ಹೂವಿನ ಹಾರ, ಫ್ಲೆಕ್ಸ್ ಎಲ್ಲ ಮೊದಲ ವಾರದ ಸಂಭ್ರಮ.

ಮೊದಲು ಒಂದು ಕೆಲಸ ಮಾಡಿ. ಸೆಕ್ರೆಟರಿ ಹತ್ತಿರ ನಡಾವಳಿ ಪುಸ್ತಕ ತೆಗೆಸಿಕೊಂಡು ಹಿಂದಿನ ಒಂದು ವರ್ಷದ ಪುಟಗಳನ್ನು ತಿರುವಿ ಹಾಕಿ. ಪ್ರತಿ ನಿರ್ಣಯದ ಕೆಳಗೆ ಸೂಚಕರು, ಅನುಮೋದಕರು ಎಂದು ಎರಡು ಹೆಸರು ಇರುತ್ತವೆ. ಆ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಅವೇ ಎರಡು ಹೆಸರು ತಿರುಗಾಮುರುಗಾ ಬರುತ್ತಿದ್ದರೆ ಉಳಿದ 11 ಜನ ಮಂಡಳಿಯಲ್ಲಿ ಏನಾಗಿದ್ದಾರೆ ಎಂದು ನಾನು ಹೇಳಬೇಕಾಗಿಲ್ಲ. ಹಾಗೇ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎನ್ನುವ ಸಾಲನ್ನೂ ಗಮನಿಸಿ. ಪ್ರತಿ ಪುಟದಲ್ಲೂ ಅದೇ ಇದ್ದರೆ ಒಗ್ಗಟ್ಟು ಜಾಸ್ತಿ ಎಂದು ಹಿಗ್ಗಬೇಡಿ. 13 ಜನ ಹಾಲು ಹಾಕುವವರು ವರ್ಷವಿಡೀ ಒಂದು ವಿಷಯಕ್ಕೂ ಬೇರೆ ಮಾತಾಡಲಿಲ್ಲ ಅಂದರೆ ನಂಬುವಂಥದ್ದಲ್ಲ. ಕೊನೆಯದಾಗಿ ಹಾಜರಾತಿ ಸಹಿಗಳನ್ನು ನೋಡಿ. ಸಭೆಗೆ ಬಾರದ ಆ ಹೆಣ್ಣುಮಗಳ ಸಹಿ ಅಲ್ಲಿ ಇದೆಯೇ? ಇದ್ದರೆ ಯಾರು ಹಾಕಿದ್ದು? ಪುಸ್ತಕ ಅವರ ಮನೆಗೆ ಹೋಗಿ ಬರುತ್ತಿದೆಯೇ?

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ನಾಳೆ ಲೆಕ್ಕಪರಿಶೋಧನೆಯಲ್ಲಿ ಫೀಡ್ ದಾಸ್ತಾನೋ, ಹಾಲಿನ ಹಣವೋ ತಾಳೆಯಾಗದಿದ್ದರೆ ವಿವರಣೆ ಕೇಳುವುದು ಇಡೀ ಮಂಡಳಿಯನ್ನು. ಮಾತಾಡಿದವರಿಗೊಂದು ನೋಟಿಸು, ಸುಮ್ಮನಿದ್ದವರಿಗೊಂದು ಎಂದು ಇರುವುದಿಲ್ಲ. ಓದದೆ ಸಹಿ ಹಾಕಿದ ಆ ತಾಯಿಗೂ ಅದೇ ಹೊಣೆ. ಈ ಮಾತನ್ನು ಬೆದರಿಕೆ ಹಾಕುವ ದನಿಯಲ್ಲಲ್ಲದೆ, ಮನೆಯವರಿಗೆ ಹೇಳುವಂತೆ ಒಬ್ಬೊಬ್ಬರಿಗೇ ಹೇಳಿ. "ಅಕ್ಕ, ಇಲ್ಲಿ ನಿಮ್ಮ ಸಹಿ ಇದೆ. ಇದರಲ್ಲಿ ಏನು ಬರೆದಿದ್ದಾರೆ ಓದಿ ಹೇಳಲಾ?" ಅಷ್ಟು ಸಾಕು. ಎಷ್ಟೋ ಜನ ಬಾಯಿ ಬಿಡುವುದು ಅಲ್ಲಿಂದಲೇ.

ಇನ್ನು ಬಾರದಿರುವ ನಿರ್ದೇಶಕಿಯ ವಿಷಯ. ಸಹಕಾರ ಸಂಘದಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಬಂದು ಮತ ಹಾಕುವುದಕ್ಕೆ ಅವಕಾಶವಿಲ್ಲ. ಗಂಡನಿಗೂ ಇಲ್ಲ, ಮಗನಿಗೂ ಇಲ್ಲ. ಆದರೆ ಕಾಯ್ದೆ ಪುಸ್ತಕ ಹಿಡಿದು ಆ ಯಜಮಾನರನ್ನು ತುಂಬಿದ ಸಭೆಯಲ್ಲಿ ಎಬ್ಬಿಸಿದರೆ ಅವಮಾನದ ಕೋಪ ಮನೆಗೆ ಹೋಗಿ ಹೆಂಡತಿಯ ಮೇಲೆ ಬೀಳುತ್ತದೆ. ಸಭೆಗೆ ನಾಲ್ಕು ದಿನ ಮುಂಚೆ ಅವರ ಮನೆಗೇ ಹೋಗಿ. ಇಬ್ಬರೂ ಇರುವಾಗ ನೋಟಿಸನ್ನು ಆಕೆಯ ಕೈಗೆ ಕೊಡಿ. "ಅಣ್ಣ, ಸಹಿ ಅಕ್ಕನದೇ ಆಗಬೇಕು ಅಂತ ಆಫೀಸಿನವರು ಕೇಳ್ತಾರೆ. ನೀವೇ ಗಾಡೀಲಿ ಕರಕೊಂಡು ಬಂದು ಬಿಟ್ಟು ಹೋಗಿ" ಎನ್ನಿ. ಹೊರಗೆ ನಿಂತಿದ್ದರೆ ಅವರಿಗೂ ಒಂದು ಟೀ ಕಳಿಸಿ. ಒಳಗೆ ಕುರ್ಚಿ ಮಾತ್ರ ಹಾಕಿಸಬೇಡಿ.

ಇದು ನಿಮ್ಮೂರಿನ ಕಾಯಿಲೆ ಮಾತ್ರ ಅಂದುಕೊಂಡು ಕುಗ್ಗಬೇಡಿ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆಯಿಂದ ನಮ್ಮ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಬಂತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಗೆದ್ದು ಬಂದಾಗಲೂ "ಗಂಡಂದಿರೇ ನಡೆಸ್ತಾರೆ ಬಿಡಿ" ಎಂಬ ಕುಹಕ ಇದ್ದೇ ಇತ್ತು. 1993ರಲ್ಲಿ ಮೂರನೇ ಒಂದು ಪಾಲಾಯಿತು, 2010ರಲ್ಲಿ ಅರ್ಧವಾಯಿತು. ಆದರೂ ಗಂಡಂದಿರ ದರ್ಬಾರು ನಿಂತಿಲ್ಲ. ಅದಕ್ಕೆ ಪರಿಹಾರ ಹುಡುಕಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿಯನ್ನೇ ಮಾಡಬೇಕಾಯಿತು. ಸಹಕಾರ ಸಂಘಗಳ ಕಥೆಯೂ ಹೆಚ್ಚು ಕಡಿಮೆ ಇದೇ. 2011ರ 97ನೇ ಸಂವಿಧಾನ ತಿದ್ದುಪಡಿ ಮಂಡಳಿಗಳಲ್ಲಿ ಮಹಿಳೆಯರಿಗೆ ಎರಡು, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಒಂದು ಸ್ಥಾನ ಇರಬೇಕೆಂದಿತು. ರಾಜ್ಯದೊಳಗಿನ ಸಂಘಗಳಿಗೆ ಆ ಭಾಗ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತಾದರೂ ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೇ ಮೀಸಲು ಸ್ಥಾನಗಳು ಸೇರಿರುವುದರಿಂದ ನಿಮ್ಮ ಮಂಡಳಿಯಲ್ಲಿ ಅವರು ಕೂತಿದ್ದಾರೆ. ಕಾನೂನು ಅವರನ್ನು ಬಾಗಿಲ ತನಕ ತಂದು ಬಿಟ್ಟಿದೆ. ಒಳಗೆ ಕರೆದುಕೊಳ್ಳುವುದು ಅಧ್ಯಕ್ಷರ ಕೆಲಸ. ಅದನ್ನು ಯಾವ ತಿದ್ದುಪಡಿಯೂ ಮಾಡಿಕೊಡುವುದಿಲ್ಲ.

ಇನ್ನು ಸಭೆಯ ಹೊತ್ತು. ನಿಮ್ಮ ಸಭೆ ಎಷ್ಟು ಗಂಟೆಗೆ? ಬೆಳಗಿನ ಹಾಲು ಮುಗಿದ ತಕ್ಷಣ ಒಂಬತ್ತಕ್ಕೆ ಇಟ್ಟರೆ ಗಂಡಸರಿಗೆ ಅನುಕೂಲ. ಹೆಂಗಸರಿಗೆ ಅದು ಮಕ್ಕಳನ್ನು ಸ್ಕೂಲಿಗೆ ಕಳಿಸುವ, ಕೊಟ್ಟಿಗೆ ಬಳಿಯುವ, ಅಡುಗೆ ಮಾಡುವ ಹೊತ್ತು. ಸಂಜೆ ಐದು ದಾಟಿದರೆ ಮತ್ತೆ ಹಾಲು ಕರೆಯುವ ಸಮಯ. ರೇಷ್ಮೆ ಹುಳು ಸಾಕುವ ಮನೆಯಾದರಂತೂ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕುವುದು ಬಿಟ್ಟು ಯಾವ ಸಭೆಗೂ ಬರಲಾಗದು. ಹನ್ನೆರಡರಿಂದ ಎರಡರೊಳಗೆ ಯಾವ ದಿನ ಆಗುತ್ತದೆ ಎಂದು ಆ ಇಬ್ಬರು ನಿರ್ದೇಶಕಿಯರನ್ನೇ ಕೇಳಿ ದಿನ ಗೊತ್ತು ಮಾಡಿ. ನಿಮ್ಮ ಅಧ್ಯಕ್ಷಗಿರಿಯಲ್ಲಿ ಅವರ ಮಾತಿನಿಂದ ಬದಲಾದ ಮೊದಲ ವಿಷಯ ಅದಾಗಲಿ.

ನೋಟಿಸಿನಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಎಂಬ ಸಾಲೊಂದು ಇರುತ್ತದಲ್ಲ, ಅದರ ಬಗ್ಗೆ ಎಚ್ಚರ. ಎಲ್ಲ ದೊಡ್ಡ ಖರ್ಚುಗಳೂ ನುಸುಳುವ ಕಿಂಡಿ ಅದು. ಖರ್ಚಿಗೆ ಸಂಬಂಧಿಸಿದ ಯಾವುದೂ ಆ ಸಾಲಿನಡಿ ಬರಕೂಡದು ಎಂದು ನೀವೇ ಒಂದು ಕಟ್ಟು ಹಾಕಿಕೊಳ್ಳಿ. ಚರ್ಚೆಗೆ ಮೂರೇ ವಿಷಯ ಇರಲಿ, ಅವು ನಿಜವಾಗಿ ಚರ್ಚೆಯಾಗಬೇಕಾದವೇ ಆಗಿರಲಿ.

ಮೊದಲ ವಿಷಯ ನಾನೇ ಸೂಚಿಸುತ್ತೇನೆ: ಪರೀಕ್ಷೆಗೆ ತೆಗೆಯುವ ಸ್ಯಾಂಪಲ್ ಹಾಲು. ದಿನಕ್ಕೆರಡು ಸಲ ಪ್ರತಿಯೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆಯುತ್ತಾರೆ. ಸೌಟಿನ ಅಳತೆ ಎಲ್ಲರಿಗೂ ಒಂದೇನಾ? ಪರೀಕ್ಷೆ ಆದ ಮೇಲೆ ಉಳಿದ ಹಾಲು ಎಲ್ಲಿಗೆ ಹೋಗುತ್ತದೆ? ಮಾರಿದರೆ ಹಣ ಯಾವ ಲೆಕ್ಕಕ್ಕೆ? ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಬಂತೆಂಬ ಚೀಟಿ ಎಲ್ಲರ ಕೈಗೂ ಸಿಗುತ್ತಿದೆಯಾ? ಎಸ್‌ಎನ್‌ಎಫ್ 8.5ರ ಆಸುಪಾಸಿಗೆ ಬಾರದಿದ್ದರೆ ಕೈಗೆ ಬರುವ ದರ ಇಳಿಯುತ್ತದೆ. ಒಂದೂವರೆ ಲೀಟರ್ ಹಾಲು ತಂದು ಸಾಲಿನಲ್ಲಿ ನಿಲ್ಲುವವರಿಗೆ ಅದು ಬಟವಾಡೆಯ ದಿನ ಗೊತ್ತಾಗುವ ನಷ್ಟ. ಆ ಸಾಲಿನಲ್ಲಿ ದಿನಾ ನಿಲ್ಲುವವರು ಯಾರು? ಹೆಚ್ಚಿನ ಮನೆಗಳಲ್ಲಿ ಕ್ಯಾನು ಹಿಡಿದು ಬರುವುದು ಹೆಂಗಸರು. ನಿಮ್ಮ ದೊಡ್ಡಪ್ಪನವರಿಗೆ ಹಾಲು ಒಕ್ಕೂಟದ ರಾಜಕೀಯ ಗೊತ್ತಿರಬಹುದು. ಬೆಳಿಗ್ಗೆ ಆರೂವರೆಗೆ ಟೆಸ್ಟರ್ ಹುಡುಗ ಯಾರ ಹಾಲಿಗೆ ಸರಿಯಾಗಿ ಕಲಕುತ್ತಾನೆ, ಯಾರದಕ್ಕೆ ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಸಹಿ ಹಾಕಿ ಹೋಗುತ್ತಾರೆ ಎಂದಿರಲ್ಲ, ಆ ನಿರ್ದೇಶಕಿಗೆ ಗೊತ್ತು. "ನಿಮ್ಮ ಅಭಿಪ್ರಾಯ ಏನು" ಎನ್ನಬೇಡಿ. "ಅಕ್ಕ, ಈ ವಾರ ನಿಮಗೆ ಫ್ಯಾಟ್ ಎಷ್ಟೆಷ್ಟು ಬಂತು?" ಎಂದು ಕೇಳಿ. ಅಭಿಪ್ರಾಯ ಕೇಳಿದರೆ ಜನ ಹೆದರುತ್ತಾರೆ, ಕಂಡದ್ದನ್ನು ಕೇಳಿದರೆ ಹೇಳುತ್ತಾರೆ.

ಹೇಳಿದ ಮೇಲೆ ಅಲ್ಲಿಗೇ ಬಿಡಬೇಡಿ. "ಇನ್ನು ಮುಂದೆ ಎಲ್ಲರಿಗೂ ಚೀಟಿ ಕೊಡತಕ್ಕದ್ದು, ಸ್ಯಾಂಪಲ್ ಹಾಲಿನ ಲೆಕ್ಕವನ್ನು ತಿಂಗಳಿಗೊಮ್ಮೆ ಸಭೆಗೆ ಒಪ್ಪಿಸತಕ್ಕದ್ದು" ಎಂದು ನಿರ್ಣಯ ಬರೆಸಿ, ಸೂಚಕರ ಜಾಗದಲ್ಲಿ ಆಕೆಯ ಹೆಸರು ಹಾಕಿಸಿ. ಬರೆದದ್ದನ್ನು ಸಭೆ ಮುಗಿಯುವ ಮುನ್ನ ಸೆಕ್ರೆಟರಿ ಗಟ್ಟಿಯಾಗಿ ಓದಲಿ. ಒಪ್ಪದವರಿದ್ದರೆ ಅವರ ಭಿನ್ನಮತವನ್ನೂ ಬರೆಸಿ. ಮುಂದಿನ ಸಭೆಯ ಮೊದಲ ವಿಷಯ, ಹಿಂದಿನ ನಿರ್ಣಯ ಜಾರಿಯಾಯಿತೇ ಎಂಬುದೇ ಇರಲಿ. ತಾನು ಹೇಳಿದ ಒಂದು ಮಾತಿನಿಂದ ಡೇರಿಯಲ್ಲಿ ಒಂದು ಪದ್ಧತಿ ಬದಲಾಯಿತು ಎಂದು ಕಣ್ಣಾರೆ ಕಂಡವರು ಮುಂದಿನ ಸಲ ಕೇಳದೆಯೇ ಮಾತಾಡುತ್ತಾರೆ.

ಫೀಡ್ ಮೂಟೆಯ ಮೇಲೆ ಕೂರುವ ಹಿರಿಯರ ವಿಚಾರದಲ್ಲಿ ಮುಲಾಜಿಲ್ಲದೆ ಹೇಳಬೇಕು. "ಇರಲಿ ಬಿಡಪ್ಪ" ಎನ್ನುವುದು ಅವರ ವಿನಯ ಎಂದು ನೀವು ತಿಳಿದಿದ್ದರೆ ತಪ್ಪು. ಮುಂದಿನ ಸಾಲಿನಲ್ಲಿ ಕೂತರೆ ಯಾರ ಮುಖ ಹೇಗೆ ಬಿಗಿಯುತ್ತದೆ ಎಂಬ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಎಲ್ಲರ ಮುಂದೆ "ಬನ್ನಿ ಬನ್ನಿ" ಎಂದು ಕರೆದು ನೀವು ಒಳ್ಳೆಯವರಾಗುತ್ತೀರಿ, ಪೇಚಿಗೆ ಸಿಕ್ಕುವವರು ಅವರು. ಹಾಗಾಗಿ ಕರೆಯುವ ಪ್ರಸಂಗವೇ ಬಾರದಂತೆ ಮಾಡಿ. ಸಭೆಗೆ ಮುಂಚೆ ಮೂಟೆಗಳನ್ನು ಒಳಕೋಣೆಗೆ ಹಾಕಿಸಿ. ಒಂದೇ ಥರದ 13 ಕುರ್ಚಿಗಳನ್ನು ಸುತ್ತ ಹಾಕಿಸಿ, ಮುಂದಿನ ಸಾಲು ಹಿಂದಿನ ಸಾಲು ಎಂಬುದೇ ಇರದಿರಲಿ. ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಟೀ ಬರಲಿ. ಈ ಲೋಟದ ಮಾತು ಬರೆಯಬೇಕಾಗಿ ಬಂದದ್ದಕ್ಕೆ ನನಗೇ ನಾಚಿಕೆ, ಆದರೆ ಬರೆಯದೆ ಬಿಡುವ ಕಾಲ ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿಲ್ಲ. ಯಾರಾದರೂ ಮುಖ ಸಿಂಡರಿಸಿದರೆ, ಎಲ್ಲರ ಮನೆಯ ಹಾಲೂ ಹಾಲು ತಂಪು ಮಾಡುವ ಒಂದೇ ಬಿಎಂಸಿ ಟ್ಯಾಂಕಿಗೆ ಬೀಳುತ್ತದೆ ಎಂಬುದನ್ನು ನೆನಪಿಸಿ. ಇಷ್ಟಾದ ಮೇಲೆ ಅವರಿಗೊಂದು ನಿಜವಾದ ಜವಾಬ್ದಾರಿ ಕೊಡಿ. ಕಾಲೊನಿಯಲ್ಲಿ ಹಸು ಕಟ್ಟಿದವರಲ್ಲಿ ಇನ್ನೂ ಸದಸ್ಯರಾಗದವರು ಎಷ್ಟು ಮಂದಿ, ಹೊರಗಿನ ವ್ಯಾಪಾರಿಗೆ ಹಾಲು ಕೊಡುವವರು ಯಾಕೆ ಹಾಗೆ ಮಾಡುತ್ತಾರೆ ಎಂದು ತಿಳಿದು ಬಂದು ಮಂಡಳಿಗೆ ವರದಿ ಕೊಡಲಿ. ಅದು ಡೇರಿಯ ವಹಿವಾಟಿಗೇ ಲಾಭ.

ನಿಮ್ಮ ತಾಲ್ಲೂಕಿನಂಥ ಕಡೆ ಈ ಪ್ರಶ್ನೆ ಬರಬರುತ್ತಾ ದೊಡ್ಡದಾಗುತ್ತದೆ ಕೂಡ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಜಮೀನು ಲೇಔಟು, ಗೋಡೌನು, ಕಾರ್ಖಾನೆ ಆಗುತ್ತಾ ಬಂದಿದೆ. ಜಮೀನು ಮಾರಿದ ಎಷ್ಟೋ ದೊಡ್ಡ ಮನೆಗಳವರು ಹಸು ಕಟ್ಟುವುದನ್ನು ಬಿಟ್ಟಿದ್ದಾರೆ. ಒಂದೋ ಎರಡೋ ಹಸು ಇಟ್ಟುಕೊಂಡು ಬಿಡದೆ ಹಾಲು ಹಾಕುವವರಲ್ಲಿ ಸಣ್ಣ ಹಿಡುವಳಿಯವರು, ಕೂಲಿ ಮಾಡುವವರು, ಒಂಟಿ ಹೆಂಗಸರು ಇದ್ದಾರೆ. ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನ ತಡವಾದರೆ ತಿಂಗಳ ಸಾಲದ ಕಂತು ತಪ್ಪುವುದು ಇವರದೇ. ಹಾಲು ಹಾಕುವವರು ಒಬ್ಬರು, ಮಂಡಳಿ ನಡೆಸುವವರು ಇನ್ನೊಬ್ಬರು ಎಂದಾದರೆ ಆ ಸಂಘ ಬಹಳ ದಿನ ಬಾಳುವುದಿಲ್ಲ. ಇದು ದಾನ ಧರ್ಮದ ಮಾತಲ್ಲ, ಡೇರಿ ಉಳಿಯುವ ಮಾತು.

ಈಗ ದೊಡ್ಡಪ್ಪ. ಅವರನ್ನು ಎದುರು ಹಾಕಿಕೊಳ್ಳಬೇಡಿ, ಬದಿಗೂ ಸರಿಸಬೇಡಿ. ಎರಡು ಅವಧಿ ನಡೆಸಿದವರು. ಕಟ್ಟಡದ ಕಾಗದಪತ್ರ, ಒಕ್ಕೂಟದ ಜೊತೆಗಿನ ಹಳೆಯ ವ್ಯವಹಾರ ಎಲ್ಲ ಅವರ ನಾಲಿಗೆ ತುದಿಯಲ್ಲಿದೆ. ಸಭೆಗೆ ಮುಂಚೆ ಮನೆಯಲ್ಲಿ ಕೂತು, "ದೊಡ್ಡಪ್ಪ, ನೀವು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರಿಗೂ ಬಾಯಿ ಬರಲ್ಲ. ಈ ಸಲ ಎಲ್ಲರೂ ಹೇಳಿದ ಮೇಲೆ ನೀವು ಹೇಳಿ" ಎಂದು ಕೇಳಿಕೊಳ್ಳಿ. ಹಿರಿಯರಿಗೆ ಕೊನೆಯ ಮಾತು ಬಿಡುವುದು ನಮ್ಮಲ್ಲಿ ಮರ್ಯಾದೆಯೇ ಹೊರತು ಅಗೌರವವಲ್ಲ. ಅದೇ ಕಟ್ಟುಪಾಡು ನಿಮಗೂ ಇರಲಿ. ಅಧ್ಯಕ್ಷ ತನ್ನ ಮನಸ್ಸಿನಲ್ಲಿರುವುದನ್ನು ಮೊದಲೇ ಹೇಳಿಬಿಟ್ಟರೆ ಸಭೆ ಅಲ್ಲಿಗೆ ಮುಗಿದ ಹಾಗೆ. ಆದರೆ "ಅವರಿಗೇನ್ ಗೊತ್ತಾಗ್ತದೆ" ಎಂಬ ಮಾತು ಸಭೆಯಲ್ಲಿ ಮತ್ತೆ ಬಂದರೆ ನಕ್ಕು ಸುಮ್ಮನಾಗಬೇಡಿ. "ಇಲ್ಲ ದೊಡ್ಡಪ್ಪ, ಅವರ ಮಾತು ಮುಗೀಲಿ" ಎಂದು ಅಲ್ಲೇ, ಆಗಲೇ, ದನಿ ಏರಿಸದೆ ಹೇಳಿ. ಸ್ವಲ್ಪ ಮನಸ್ಸು ನೋಯುತ್ತದೆ. ನೋಯದಂತೆ ಮಾಡುವ ದಾರಿ ನನಗೆ ತಿಳಿದಿಲ್ಲ. ಇಡೀ ಮಂಡಳಿ ನಿಮ್ಮನ್ನು ಅಳೆಯುವುದು ಆ ಒಂದು ಗಳಿಗೆಯಲ್ಲಿ.

ಸೆಕ್ರೆಟರಿಯ ಜೊತೆ ಜಗಳ ಬೇಡ. ಅವರು ಸಂಘದ ನೌಕರರು, ಮಂಡಳಿ ಸಂಘದ ಆಡಳಿತ. ಈ ಗೆರೆ ಅಳಿಸಿಹೋಗುವುದು ದೊಡ್ಡ ದೊಡ್ಡ ಕಂಪನಿಗಳಲ್ಲೂ ಇದೆ. ಬ್ರಿಟನ್ನಿನ ಕ್ಯಾಡ್‌ಬರಿ ಸಮಿತಿ 1992ರಲ್ಲಿ ಮಂಡಳಿಯನ್ನು ನಡೆಸುವವರು ಮತ್ತು ಕಂಪನಿಯ ವ್ಯವಹಾರ ನಡೆಸುವವರ ಹೊಣೆ ಸ್ಪಷ್ಟವಾಗಿ ಬೇರೆ ಇರಬೇಕೆಂದು ಹೇಳಿದ್ದು ಅದಕ್ಕೇ. ನಿಮ್ಮಲ್ಲಿ ಮಾಡಬೇಕಾದದ್ದು ಇಷ್ಟೇ: ತಿಂಗಳ ಹಾಲು ಎಷ್ಟು, ಊರಲ್ಲಿ ಮಾರಿದ್ದೆಷ್ಟು, ಒಕ್ಕೂಟಕ್ಕೆ ಹೋದದ್ದೆಷ್ಟು, ಫೀಡ್ ದಾಸ್ತಾನು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ಎಲ್ಲವೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಸಭೆಗೆ ಎರಡು ದಿನ ಮುಂಚೆ 13 ಜನಕ್ಕೂ ಸಿಗಬೇಕು. ಓದು ಬಾರದವರಿಗೆ ಸಭೆಯ ಆರಂಭದಲ್ಲಿ ಓದಿ ಹೇಳಬೇಕು. ಲೆಕ್ಕ ಒಬ್ಬರ ಬಳಿಯೇ ಇರುವ ತನಕ ಮಾತೂ ಅವರ ಬಳಿಯೇ ಇರುತ್ತದೆ. ನಿರ್ದೇಶಕರಿಗೆ ಲೆಕ್ಕ ಓದುವುದು ಹೇಳಿಕೊಡಲು ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಒಂದು ಮಧ್ಯಾಹ್ನ ಕರೆಸಿ. ಜಿಲ್ಲಾ ಸಹಕಾರ ಯೂನಿಯನ್ ತರಬೇತಿಗೆ ಕರೆದಾಗ ಯಾವಾಗಲೂ ಹೋಗುವ ಅದೇ ಇಬ್ಬರನ್ನು ಬಿಟ್ಟು ಬೇರೆಯವರನ್ನು ಕಳಿಸಿ.

ಒಂದು ಸಣ್ಣ ಅಡ್ಡಮಾತು. ಇಂಗ್ಲೆಂಡಿನ ರಾಚ್‌ಡೇಲ್‌ ಕೂಡ ನಿಮ್ಮ ದೊಡ್ಡಬಳ್ಳಾಪುರದಂತೆಯೇ ಮಗ್ಗದ ಊರು. 1844ರಲ್ಲಿ ಅಲ್ಲಿ ನೇಕಾರರೂ ಇತರ ಕಸುಬುದಾರರೂ ಸೇರಿ 28 ಮಂದಿ ಕಟ್ಟಿದ ಅಂಗಡಿಯಲ್ಲಿ, ಎಷ್ಟೇ ಹಣ ಹಾಕಿದ್ದರೂ ಒಬ್ಬರಿಗೆ ಒಂದೇ ಮತ ಎಂದು ನಿಯಮ ಮಾಡಿಕೊಂಡರು. ನಮ್ಮಲ್ಲಿ 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಆರಂಭಿಸಿದ್ದೂ ಅದೇ ಹಾದಿಯಲ್ಲಿ. ನೂರು ಲೀಟರ್ ಹಾಕುವವರಿಗೂ ಒಂದೂವರೆ ಲೀಟರ್ ಹಾಕುವವರಿಗೂ ಒಂದೇ ಓಟು ಇರುವುದು ಅಲ್ಲಿಂದ ಬಂದ ಲೆಕ್ಕ.

ಇನ್ನು ನಿಮ್ಮ 15 ತಿಂಗಳು. ಅವಧಿಯನ್ನು ತುಂಡು ಮಾಡಿ ಕುರ್ಚಿ ಹಂಚಿಕೊಳ್ಳುವ ಈ ಒಳ ಒಪ್ಪಂದಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮೊದಲ ಐದು ತಿಂಗಳು ಸನ್ಮಾನಕ್ಕೆ, ಕೊನೆಯ ಐದು ತಿಂಗಳು ರಾಜೀನಾಮೆಯ ರಗಳೆಗೆ ಹೋಗುತ್ತದೆ. ಆದರೂ ಮಾತು ಕೊಟ್ಟಿದ್ದೀರಿ, ನಡೆದುಕೊಳ್ಳಿ. ತಿಂಗಳಿಗೊಂದು ಸಭೆ ಎಂದರೂ 15 ಸಭೆ ಕೈಯಲ್ಲಿವೆ, ನಡುವೆ ಒಂದು ವಾರ್ಷಿಕ ಮಹಾಸಭೆಯೂ ಬರುತ್ತದೆ. ಆ ಮಹಾಸಭೆಯಲ್ಲಿ ವರದಿಯನ್ನು ನೀವೊಬ್ಬರೇ ಓದಬೇಡಿ. ಹಾಲಿನ ಗುಣಮಟ್ಟದ ಭಾಗವನ್ನು ನಿರ್ದೇಶಕಿ ಓದಲಿ, ಹೊಸ ಸದಸ್ಯತ್ವದ ಭಾಗವನ್ನು ಮೂಟೆ ಬಿಟ್ಟು ಎದ್ದು ಬಂದ ಆ ಹಿರಿಯರು ಓದಲಿ ಅಥವಾ ಬಾಯಲ್ಲಿ ಹೇಳಲಿ. ಊರಿನ ಎದುರು ಒಮ್ಮೆ ನಿಂತು ಮಾತಾಡಿದವರನ್ನು ಮತ್ತೆ ಬಾಗಿಲ ಹತ್ತಿರ ಕೂರಿಸುವುದು ಯಾರಿಗೂ ಸುಲಭವಲ್ಲ.

ನಿಮ್ಮ ನಂತರ ಯಾರು ಎಂಬುದೂ ಒಪ್ಪಂದದಲ್ಲಿ ಗೊತ್ತಾಗಿರಬಹುದು. ಗೊತ್ತಾಗಿಲ್ಲದಿದ್ದರೆ ಒಂದು ವಿಷಯ ತಿಳಿದಿರಲಿ, ಸಮಯ ನೋಡಿ ದೊಡ್ಡಪ್ಪನವರ ಕಿವಿಗೂ ಹಾಕಿ: ಮೀಸಲು ಸ್ಥಾನದಿಂದ ಗೆದ್ದ ನಿರ್ದೇಶಕರು ಅಧ್ಯಕ್ಷರಾಗಬಾರದು ಎಂದು ಸಹಕಾರ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.